ಅಪ್ಪ ಪ್ರತಿ ಏಪ್ರಿಲ್‌ನಲ್ಲೂ ಕಂದಾಯ ಕಟ್ಟಿದ್ದರು, ಆದರೂ ನೋಟಿಸ್ ಬಂದಿದೆ. ಏನು ಮಾಡಬೇಕು?

ನಾಗರಭಾವಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮದು 30-40 ಸೈಟು. ಅಪ್ಪ 1998ರಲ್ಲಿ ಕೆಳಗಿನ ಮನೆ ಕಟ್ಟಿಸಿದರು, ಒಂಬತ್ತು ಚದರ. 2014ರಲ್ಲಿ ಮೇಲೆ ಎಂಟು ಚದರದ ಒಂದು ಪೋರ್ಷನ್ ಹಾಕಿಸಿ ಬಾಡಿಗೆಗೆ ಕೊಟ್ಟರು. ನಿವೃತ್ತಿ ಹಣ ಹೋಗಿದ್ದೇ ಆ ಮೋಲ್ಡಿಗೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಬೆಂಗಳೂರು ಒನ್‌ಗೆ ಹೋಗಿ, ಹಳೇ ರಸೀದಿ ತೋರಿಸಿ, ಶೇ. 5 ರಿಯಾಯಿತಿ ತಗೊಂಡು ಕಂದಾಯ ಕಟ್ಟಿ ಬರುತ್ತಿದ್ದರು. ಒಂದು ವರ್ಷವೂ ತಪ್ಪಿಸಿದವರಲ್ಲ.

ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮನ ಹೆಸರಿಗೆ ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಮಾಡಿಸೋಣ ಅಂತ ಫೈಲ್ ತೆಗೆದೆ. ರಸೀದಿಗಳಲ್ಲಿ ಇರುವುದು ಕೆಳಗಿನ ಮನೆ ಮಾತ್ರ, ಅದೂ 'ಸ್ವಂತ ವಾಸ' ಅಂತ. ಮೇಲಿನ ಪೋರ್ಷನ್ ಎಲ್ಲೂ ಇಲ್ಲ. ನಾನು ಅದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲೇ ಮನೆಗೆ ಪಾಲಿಕೆಯ ನೋಟಿಸ್ ಬಂತು. ಹಿಂದಿನ ವರ್ಷಗಳ ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹೋಗಿದೆ.

ಅಮ್ಮನಿಗೆ ಬರುವುದು ಕುಟುಂಬ ಪಿಂಚಣಿ ಮತ್ತು ಆ ಬಾಡಿಗೆ. ನೋಟಿಸ್ ನೋಡಿದ ದಿನದಿಂದ 'ನಿಮ್ಮಪ್ಪ ಕಳ್ಳ ಅಲ್ಲ' ಅಂತ ಹೇಳುತ್ತಲೇ ಇದ್ದಾರೆ. ಅದು ನನಗೂ ಗೊತ್ತು. ಮುಂದೇನು ಮಾಡಬೇಕು ಅಂತ ಮಾತ್ರ ಗೊತ್ತಾಗುತ್ತಿಲ್ಲ.

ವಿಜಯನಗರದವ

ಮೇಡಂ, ಮೊದಲು ಗಾಬರಿ ಬಿಡಿ. ನಿಮ್ಮ ತಂದೆಯವರು ಮಾಡಿದ್ದನ್ನೇ ನಮ್ಮ ರಸ್ತೆಯಲ್ಲಿ ಅರ್ಧ ಜನ ಮಾಡಿದ್ದಾರೆ. ಹಳೇ ರಸೀದಿ ಕೊಟ್ಟರೆ ಕೌಂಟರ್‌ನಲ್ಲಿ ನಮೂನೆ 4ರಲ್ಲಿ ಕಟ್ಟಿಸಿಕೊಳ್ಳುತ್ತಾರೆ. ನಮೂನೆ 4 ಅಂದರೆ 'ಹೋದ ವರ್ಷದಿಂದ ಏನೂ ಬದಲಾವಣೆ ಇಲ್ಲ' ಅಂತ. ಮನೆಯ ಅಳತೆಯೋ ಬಳಕೆಯೋ ಬದಲಾದರೆ ತುಂಬಬೇಕಾದ್ದು ನಮೂನೆ 5. ಅದನ್ನು ಕೇಳಿ ತುಂಬಬೇಕು ಅಂತ ಎಷ್ಟೋ ಹಿರಿಯರಿಗೆ ಗೊತ್ತೇ ಇರಲಿಲ್ಲ.

ನೋಟಿಸಿನಲ್ಲಿ ಉತ್ತರ ಕೊಡಲು ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಆ ದಿನದೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಿ. ಬಾಯಿ ಮಾತಿನಲ್ಲಿ 'ಆಯ್ತು ಬಿಡಿ ನೋಡೋಣ' ಅಂದರೆ ನಂಬಬೇಡಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡ ಪ್ರತಿ ನಿಮ್ಮ ಕೈಲಿರಲಿ.

ಲೆಕ್ಕದ ಮೇಷ್ಟ್ರು

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಲೆಕ್ಕ ಗೊತ್ತಾದರೆ ಭಯ ಅರ್ಧ ಕಡಿಮೆಯಾಗುತ್ತದೆ ಅನ್ನುವುದು ನನ್ನ ಅನುಭವ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಬೆಂಗಳೂರಿನಲ್ಲಿ 2000ದಿಂದ ಸ್ವಯಂ ಘೋಷಣೆ ಇದೆ, ಅಂದರೆ ತೆರಿಗೆಯ ಲೆಕ್ಕವನ್ನು ಮಾಲೀಕರೇ ಹಾಕಿ ಕಟ್ಟಬೇಕು. ಈಗಿನ ಘಟಕ ವಿಸ್ತೀರ್ಣ ಪದ್ಧತಿ ಬಂದಿದ್ದು 2008ರಲ್ಲಿ. ಊರಿನ ರಸ್ತೆಗಳನ್ನು ಎ ಇಂದ ಎಫ್ ವರೆಗೆ ಆರು ವಲಯ ಮಾಡಿದ್ದಾರೆ. ಆಯಾ ರಸ್ತೆಯ ಮಾರ್ಗಸೂಚಿ ಮೌಲ್ಯ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ನೋಡಿ ವಲಯ ಹಂಚಿದ್ದಾರೆ. ಒಂದೊಂದು ವಲಯಕ್ಕೂ ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಇದೆ. ವಾಸದ ಮನೆಗೆ ಒಂದು ದರ, ಅಂಗಡಿ ಕಚೇರಿಗೆ ಇನ್ನೊಂದು. ವಾಸದ ಮನೆಯಲ್ಲೂ ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ವಂತ ವಾಸದ ಎರಡರಷ್ಟು ದರ. ನಿಮ್ಮ ಮನೆಯ ಕಥೆ ಪೂರ್ತಿ ಇರುವುದು ಇಲ್ಲೇ.

ಲೆಕ್ಕ ಸುಲಭ ಆಗಲಿ ಅಂತ ಸ್ವಂತ ವಾಸಕ್ಕೆ 2 ರೂಪಾಯಿ, ಬಾಡಿಗೆಗೆ 4 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಮ್ಮ ರಸ್ತೆಯ ದರವನ್ನು ನೀವು ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ವರ್ಷಕ್ಕೆ 12 ತಿಂಗಳು ಅಲ್ಲ, 10 ತಿಂಗಳ ಲೆಕ್ಕ.

ಕೆಳಗಿನ 900 ಚದರಡಿ: 900 ಗುಣಿಸು 2 ಗುಣಿಸು 10, ಅಂದರೆ 18,000. ಮೇಲಿನ 800 ಚದರಡಿ: 800 ಗುಣಿಸು 4 ಗುಣಿಸು 10, ಅಂದರೆ 32,000. ಒಟ್ಟು 50,000. ಕಟ್ಟಡದ ವಯಸ್ಸಿಗೆ ತಕ್ಕಂತೆ ಇದರಲ್ಲಿ ಕಡಿತ ಸಿಗುತ್ತದೆ, ಸದ್ಯ ಅದನ್ನು ಬಿಡೋಣ. ತೆರಿಗೆ ಇದರ ಶೇ. 20, ಅಂದರೆ 10,000. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಸೆಸ್‌ಗಳು ಸೇರಿ ತೆರಿಗೆಯ ಶೇ. 24, ಅಂದರೆ 2,400. ಒಟ್ಟು 12,400. ನಿಮ್ಮ ರಸೀದಿಯಲ್ಲಿ ಇನ್ನೊಂದೆರಡು ಸಾಲು ಜಾಸ್ತಿ ಇರಬಹುದು, ಮೂಲ ಲೆಕ್ಕ ಇಷ್ಟೇ.

ನಿಮ್ಮ ತಂದೆಯವರು ಕಟ್ಟುತ್ತಿದ್ದದ್ದು ಕೆಳಗಿನದಕ್ಕೆ ಮಾತ್ರ. ಇದೇ ಲೆಕ್ಕದಲ್ಲಿ 4,464. ವ್ಯತ್ಯಾಸ ವರ್ಷಕ್ಕೆ 7,936. ಮೇಲಿನ ಪೋರ್ಷನ್ ಒಂದು ಚದರ ಚಿಕ್ಕದು, ಆದರೂ ತೆರಿಗೆ ಕೆಳಗಿನದಕ್ಕಿಂತ ಎಷ್ಟು ಜಾಸ್ತಿ ನೋಡಿ. ಇಷ್ಟು ವರ್ಷದ ವ್ಯತ್ಯಾಸಕ್ಕೆ ದಂಡ, ಬಡ್ಡಿ ಕೂಡಿಸಿದರೆ ಲಕ್ಷ ದಾಟುವುದು ಹೀಗೆ.

ನಾಗರಭಾವಿ ಮಗಳು

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ರಾತ್ರಿ ಅಮ್ಮನ ಜೊತೆ ಕೂತು ಕಾಗದದ ಮೇಲೆ ನಾನೂ ಮಾಡಿ ನೋಡಿದೆ. ಬಾಡಿಗೆ ಭಾಗಕ್ಕೆ ಎರಡರಷ್ಟು ಅನ್ನುವುದು ನಮಗೆ ಗೊತ್ತೇ ಇರಲಿಲ್ಲ.

ಒಂದು ಸಂಶಯ. 2017ರಿಂದ 2019ರವರೆಗೆ ಮೇಲಿನ ಮನೆಯನ್ನು ಲೀಸ್‌ಗೆ ಕೊಟ್ಟಿದ್ದೆವು. ತಿಂಗಳ ಬಾಡಿಗೆ ಇರಲಿಲ್ಲ. ಅದೂ ಬಾಡಿಗೆಯ ಲೆಕ್ಕಕ್ಕೇ ಬರುತ್ತದಾ?

ವಿಜಯನಗರದವ

ಬರುತ್ತದೆ ಮೇಡಂ. ಓನರ್ ಬಿಟ್ಟು ಬೇರೆಯವರು ಇದ್ದರು ಅಲ್ವಾ? ತಿಂಗಳಿಗೆ ದುಡ್ಡು ಬಂದಿಲ್ಲ ಅಂದ ಮಾತ್ರಕ್ಕೆ ಅದು ಸ್ವಂತ ವಾಸ ಆಗುವುದಿಲ್ಲ.

ವರ್ತೂರು ಫ್ಲ್ಯಾಟ್

ಈ ಚರ್ಚೆ ಓದುತ್ತಾ ನನಗೆ ಹೊಟ್ಟೆ ಉರಿಯಿತು, ಹೇಳಿಯೇ ಬಿಡುತ್ತೇನೆ. ನಮ್ಮ ಭಾಗ 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಅವತ್ತಿನಿಂದ ಕಂದಾಯ ಕಟ್ಟುತ್ತಿದ್ದೇವೆ. 110 ಹಳ್ಳಿಗೆ ಅಂತ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ನೀರಿಗೆ ಒಂದೇ ತಿಂಗಳಲ್ಲಿ ಕೊಟ್ಟ ದುಡ್ಡು, ನನ್ನ ಪಾಲಿಗೆ ಬಂದದ್ದು, ಇಡೀ ವರ್ಷದ ಕಂದಾಯಕ್ಕಿಂತ ಜಾಸ್ತಿ. ರಸ್ತೆ ದೀಪ ಇಲ್ಲ, ಮಳೆ ಬಂದರೆ ಗೇಟಿನ ಮುಂದೆ ಮೊಣಕಾಲುದ್ದ ನೀರು.

ದರ ಜಾಸ್ತಿಯೋ ಕಡಿಮೆಯೋ ಅನ್ನುವುದಕ್ಕಿಂತ ಕಟ್ಟಿದ ದುಡ್ಡು ನಮ್ಮ ಬೀದಿಗೆ ಯಾವ ರೂಪದಲ್ಲಿ ವಾಪಸ್ ಬಂತು ಅನ್ನುವುದು ನನ್ನ ಪ್ರಶ್ನೆ. ಕೇಳೋಣ ಅಂದರೆ ಯಾರನ್ನು ಕೇಳುವುದು? ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಊರನ್ನೇ ಐದು ಪಾಲಿಕೆ ಮಾಡಿದರು. ಕಂದಾಯ ಕಟ್ಟುವ ಜಾಗ ಮಾತ್ರ ಒಂದು ದಿನವೂ ಮುಚ್ಚಲಿಲ್ಲ.

ಬಸವನಗುಡಿ ಹಳೇ ಮನೆ

ವರ್ತೂರಿನವರೇ, ನಿಮ್ಮ ಕೋಪ ನ್ಯಾಯವಾದದ್ದೇ. ಆದರೆ ಒಂದು ಮಾತು. ಬೆಂಗಳೂರಿನಲ್ಲಿ ಈ ದರಗಳು ಕೊನೆಯದಾಗಿ ಏರಿದ್ದು 2016ರಲ್ಲಿ. ವಾಸದ ಮನೆಗೆ ಶೇ. 20, ವಾಸೇತರಕ್ಕೆ ಶೇ. 25. ಅಲ್ಲಿಂದೀಚೆಗೆ ಬಾಡಿಗೆ ಎಷ್ಟು ಏರಿದೆ, ಸಿಮೆಂಟ್ ಎಷ್ಟು ಏರಿದೆ? 2024-25ರಲ್ಲಿ ಇಡೀ ಊರಿನಿಂದ ಸುಮಾರು 4,900 ಕೋಟಿ ಆಸ್ತಿ ತೆರಿಗೆ ಬಂದಿದೆ. ಇಷ್ಟು ದೊಡ್ಡ ಊರಿನ ಕಸ, ಮೋರಿ, ರಸ್ತೆಗೆ ಅದು ಜಾಸ್ತಿ ಅಲ್ಲ.

ನನ್ನ ಹೆದರಿಕೆ ಬೇರೆ. ನಾವಿರುವುದು ತಾತ ಕಟ್ಟಿದ ಮನೆ, ಮದ್ರಾಸ್ ಟೆರೇಸ್. ನಾನು, ನನ್ನ ಹೆಂಡತಿ ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. 2024ರ ಫೆಬ್ರವರಿಯಲ್ಲಿ ಒಂದು ಕರಡು ಬಂತು, ಇನ್ನು ಮೇಲೆ ಮಾರ್ಗಸೂಚಿ ಮೌಲ್ಯದ ಮೇಲೆ ತೆರಿಗೆ ಅಂತ. ಸ್ವಂತ ವಾಸಕ್ಕೆ ಮೌಲ್ಯದ ಶೇ. 0.1, ಬಾಡಿಗೆಗೆ ಶೇ. 0.2. ಕೇಳುವುದಕ್ಕೆ ಚಿಕ್ಕ ಸಂಖ್ಯೆ. ಆದರೆ ಬಸವನಗುಡಿಯಲ್ಲಿ ಜಾಗದ ಬೆಲೆ ಎಷ್ಟು ಅಂತ ನಿಮಗೆಲ್ಲ ಗೊತ್ತು. ಒಂದೂವರೆ ಕೋಟಿ ಮೌಲ್ಯ ಅಂದರೂ ವರ್ಷಕ್ಕೆ 15,000. ಮೂರು ಕೋಟಿ ಅಂದರೆ 30,000. ಮೌಲ್ಯ ಪರಿಷ್ಕರಣೆ ಆದಾಗಲೆಲ್ಲ ಇದೂ ತಾನಾಗೇ ಏರುತ್ತದೆ.

ಬೆಲೆ ಏರಿದೆ ಅಂದ ಮಾತ್ರಕ್ಕೆ ನನ್ನ ಜೇಬಿಗೆ ಏನೂ ಬಂದಿಲ್ಲ. ಬರುವುದು ಮಾರಿದರೆ ಮಾತ್ರ. ನಾನು ಮಾರುವವನಲ್ಲ, ಹುಟ್ಟಿದ ಮನೆ ಇದು. ಆಕ್ಷೇಪಣೆಗಳು ಬಂದವು, ಸರ್ಕಾರ ಆ ಕರಡನ್ನು ತಡೆಹಿಡಿಯಿತು. ನಾನೂ ಒಂದು ಆಕ್ಷೇಪಣೆ ಬರೆದಿದ್ದೆ. ವಯಸ್ಸಾದವರು ತಾವೇ ವಾಸ ಇರುವ ಮನೆಗೆ ಒಂದು ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಬಾರದು ಅಂತ ಮಿತಿ ಹಾಕಿ ಅಂತ ಕೇಳಿದ್ದೆ. ಮತ್ತೆ ಅಂಥ ಕರಡು ಬಂದರೆ ನೀವೂ ಬರೆಯಿರಿ. ಇಲ್ಲಿ ಮಾತಾಡಿಕೊಂಡರೆ ಅದು ಅಲ್ಲಿಗೆ ತಲುಪುವುದಿಲ್ಲ.

ಬಾಡಿಗೆದಾರ, ಬಿಟಿಎಂ

ಓನರ್‌ಗಳ ಮಾತಿನ ಮಧ್ಯೆ ಬಾಡಿಗೆಯವನೂ ಒಂದು ಮಾತು ಹೇಳಬಹುದಾ? ಬಾಡಿಗೆ ಭಾಗಕ್ಕೆ ಎರಡರಷ್ಟು ಅಂದರೆ ಕೊನೆಗೆ ಅದನ್ನು ಕಟ್ಟುವವರು ನಾವೇ. 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಬಂದಾಗ ನಮ್ಮ ಓನರ್ ಮರು ತಿಂಗಳೇ ಮೇಂಟೆನೆನ್ಸ್ 300 ರೂಪಾಯಿ ಏರಿಸಿದರು. ಮನೆ ಇರುವುದು ಆರು ಚದರ. ಕಸದ ಶುಲ್ಕ ನಿಜವಾಗಿ ಎಷ್ಟು?

ಲೆಕ್ಕದ ಮೇಷ್ಟ್ರು

ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಇದೆ ಅಪ್ಪಾ. 600 ಚದರಡಿ ತನಕ 10 ರೂಪಾಯಿ, 1,000 ತನಕ 50, ಅಲ್ಲಿಂದ 2,000 ತನಕ 100. ಕಂದಾಯದ ಜೊತೆಗೇ ಇಡೀ ವರ್ಷದ್ದು ಸೇರಿ ಬರುತ್ತದೆ. ಇಡೀ ಕಟ್ಟಡವನ್ನು ಒಟ್ಟಿಗೆ ಲೆಕ್ಕ ಹಾಕಿದ್ದರೂ ನಿಮ್ಮೊಬ್ಬರ ಪಾಲು ತಿಂಗಳಿಗೆ 300 ಆಗುವುದು ಕಷ್ಟ. ಓನರ್ ಹತ್ತಿರ ರಸೀದಿ ತೋರಿಸಿ ಅಂತ ಕೇಳಿ. ಜಗಳಕ್ಕೆ ಅಲ್ಲ, ಲೆಕ್ಕಕ್ಕೆ.

ಗಿರಿನಗರ ಸಿಎ

ಬಾಡಿಗೆ ಬರುವ ಮನೆ ಇರುವ ಎಲ್ಲರಿಗೂ ಒಂದು ವಿಷಯ. ಬಾಡಿಗೆಗೆ ಕೊಟ್ಟ ಭಾಗಕ್ಕೆ ನೀವು ಆ ವರ್ಷ ನಿಜವಾಗಿ ಕಟ್ಟಿದ ಆಸ್ತಿ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಕಳೆಯಬಹುದು. ಉಳಿದದ್ದರಲ್ಲಿ ಇನ್ನೂ ಶೇ. 30 ಕಡಿತ ಸಿಗುತ್ತದೆ. 'ಕಟ್ಟಬೇಕಾಗಿದೆ' ಅಂದರೆ ಸಾಲದು, ಕಟ್ಟಿರಬೇಕು. ಕಟ್ಟಿದವರು ಓನರ್ ಆಗಿರಬೇಕು. ನಾನು ನೋಡುವ ಹತ್ತು ಜನರಲ್ಲಿ ಏಳೆಂಟು ಜನ ಇದನ್ನು ತೋರಿಸುವುದೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ.

ನಾಗರಭಾವಿಯವರೇ, ಹಳೇ ಬಾಕಿಯ ತೆರಿಗೆಯನ್ನು ಈ ವರ್ಷ ಕಟ್ಟಿದರೆ ಅದನ್ನೂ ನಿಮ್ಮ ಆಡಿಟರ್ ಹತ್ತಿರ ತೋರಿಸಿ. ಅದಕ್ಕೇ ರಸೀದಿಯಲ್ಲಿ ತೆರಿಗೆ ಎಷ್ಟು, ದಂಡ ಎಷ್ಟು, ಬಡ್ಡಿ ಎಷ್ಟು ಅಂತ ಬೇರೆ ಬೇರೆ ಇರುವುದು ಮುಖ್ಯ. ಎಲ್ಲ ಒಂದೇ ಮೊತ್ತ ಮಾಡಿ ಕೊಟ್ಟರೆ ಒಪ್ಪಬೇಡಿ.

ಕಾಮಾಕ್ಷಿಪಾಳ್ಯ ಅಣ್ಣ

ನನ್ನದು ವಲಯದ ಗೋಳು. 2016ರಲ್ಲಿ ವಲಯಗಳನ್ನು ಮತ್ತೆ ವಿಂಗಡಿಸಿದರು. ನಾನು ಅದೇ ಹಳೇ ವಲಯದಲ್ಲಿ ಆನ್‌ಲೈನ್ ಕಟ್ಟುತ್ತಾ ಬಂದೆ. ವೆಬ್‌ಸೈಟ್ ಒಪ್ಪಿಕೊಂಡಿತು, ರಸೀದಿ ಕೊಟ್ಟಿತು, ನಾನು ಸರಿ ಇದೆ ಅಂದುಕೊಂಡೆ. ಐದು ವರ್ಷ ಆದ ಮೇಲೆ 2021ರಲ್ಲಿ ನೋಟಿಸ್. ಊರಲ್ಲಿ ಸಾವಿರಾರು ಮನೆಗಳಿಗೆ ಹೀಗೇ ಬಂದಿತ್ತು, ಪೇಪರ್‌ನಲ್ಲೂ ಬಂತು.

ವ್ಯತ್ಯಾಸ ಕಟ್ಟುವುದಕ್ಕೆ ನನಗೆ ಬೇಸರ ಇರಲಿಲ್ಲ. ಅದು ನಾನು ಕಟ್ಟಲೇಬೇಕಾದ ದುಡ್ಡು. ಆದರೆ ಮೊದಲನೇ ವರ್ಷವೇ 'ನಿಮ್ಮ ವಲಯ ಬದಲಾಗಿದೆ' ಅಂತ ಒಂದು ಸಾಲು ಬಂದಿದ್ದರೆ ಅವತ್ತೇ ಕಟ್ಟುತ್ತಿದ್ದೆ. ಐದು ವರ್ಷ ಯಾರೂ ಮಾತಾಡದೆ ಆಮೇಲೆ ಬಡ್ಡಿ ಹಾಕುವುದು ತಪ್ಪು. ತಿಂಗಳಿಗೆ ಐನೂರು ರೂಪಾಯಿ ಜಾಸ್ತಿ ಆದರೆ ಮನೆ ನಡೆಸುವವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಒಂದೇ ದಿನ ಎಂಬತ್ತು ಸಾವಿರ ಅಂದರೆ ಮಗಳ ಫೀಸಿಗೆ ಇಟ್ಟಿದ್ದಕ್ಕೆ ಕೈ ಹಾಕಬೇಕಾಗುತ್ತದೆ. ನಾನು ಹಾಗೇ ಮಾಡಿದ್ದು.

ನಾಗರಭಾವಿ ಮಗಳು

ಅಣ್ಣ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನ ಮನಸ್ಸಿನಲ್ಲಿ ಇರುವುದೂ ಇದೇ. ಅಪ್ಪ ಬದುಕಿದ್ದಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅಪ್ಪನೇ ಹೋಗಿ ಸರಿ ಮಾಡಿಸಿ ಬರುತ್ತಿದ್ದರು.

ವಿಜಯನಗರದವ

2024ರಲ್ಲಿ ಒಂದು ಬಾರಿ ಪರಿಹಾರ ಯೋಜನೆ ಇತ್ತು, ನವೆಂಬರ್ 30ಕ್ಕೆ ಮುಗಿಯಿತು. ಆಗ ಬಡ್ಡಿ ಮನ್ನಾ ಇತ್ತು, ದಂಡದಲ್ಲೂ ಕಡಿತ ಇತ್ತು. ಮತ್ತೆ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ. ಅದೇ ವರ್ಷದ ಕಾನೂನು ತಿದ್ದುಪಡಿಯಲ್ಲಿ, ಕಡಿಮೆ ಘೋಷಿಸಿದವರಿಗೆ ಮುಂಚೆ ವ್ಯತ್ಯಾಸದ ಎರಡರಷ್ಟು ಇದ್ದ ದಂಡವನ್ನು ವ್ಯತ್ಯಾಸದಷ್ಟಕ್ಕೇ ಇಳಿಸಿದ್ದಾರೆ. ನಿಮ್ಮ ನೋಟಿಸಿನಲ್ಲಿ ಯಾವ ಲೆಕ್ಕ ಹಾಕಿದ್ದಾರೆ ಅಂತ ವರ್ಷ ವರ್ಷ ಬಿಡಿಸಿ ನೋಡಿ.

ಇನ್ನೊಂದು, ಇದನ್ನು ಮರೆಯಬೇಡಿ. ಅವರು ಮೇಲಿನ ಪೋರ್ಷನ್ ಎಷ್ಟು ಚದರಡಿ ಅಂತ ಹಿಡಿದಿದ್ದಾರೆ? ಯಾವ ವರ್ಷದಿಂದ ಹಿಡಿದಿದ್ದಾರೆ? ಟೇಪ್ ತಗೊಂಡು ನೀವೇ ಅಳೆಯಿರಿ. ಮೋಲ್ಡ್ ಹಾಕಿಸಿದ ವರ್ಷಕ್ಕೆ ದಾಖಲೆ ಬೇಕಾಗುತ್ತದೆ. ಮೇಲಿನ ಮನೆಗೆ ಬೇರೆ ಕರೆಂಟ್ ಮೀಟರ್ ಇದ್ದರೆ ಅದರ ಮೊದಲ ಬಿಲ್ ಸಾಕು.

ಹೆಗ್ಗನಹಳ್ಳಿ ಬಿ ಖಾತೆ

ನಮ್ಮದು ಬಿ ಖಾತೆ, ಅಂದರೆ ಪೂರ್ತಿ ಅನುಮೋದನೆ ಇಲ್ಲದ ಆಸ್ತಿಯ ಖಾತೆ. ಕಂದಾಯ ಹದಿನೈದು ವರ್ಷದಿಂದ ಕಟ್ಟುತ್ತಿದ್ದೇವೆ. ಇಷ್ಟು ವರ್ಷ ಕಟ್ಟಿದ ರಸೀದಿ ಇದ್ದರೆ ಮನೆ ಸಕ್ರಮ ಆದಂತೆ ಅಂತ ನಮ್ಮ ಬ್ರೋಕರ್ ಹೇಳುತ್ತಾರೆ. ನಿಜವಾ?

ಗಿರಿನಗರ ಸಿಎ

ಅಲ್ಲ. ಕಂದಾಯ ಕಟ್ಟಿದ ರಸೀದಿ ಹಕ್ಕುಪತ್ರ ಅಲ್ಲ, ಸಕ್ರಮ ಮಾಡುವ ಕಾಗದವೂ ಅಲ್ಲ. ಎ ಖಾತೆಯವರೂ ಕಟ್ಟಬೇಕು, ಬಿ ಖಾತೆಯವರೂ ಕಟ್ಟಬೇಕು. ಆದರೆ ಕಟ್ಟದೇ ಬಿಡಬೇಡಿ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಇ-ಖಾತೆಗೆ ಕಂದಾಯದ ದಾಖಲೆ ಬೇಕು. ಬ್ರೋಕರ್ ಮಾತಿಗೆ ದುಡ್ಡು ಕೊಡುವ ಮುಂಚೆ ಒಬ್ಬ ವಕೀಲರಿಗೆ ಸೇಲ್ ಡೀಡ್, ಇಸಿ (ಋಣಭಾರ ಪ್ರಮಾಣಪತ್ರ) ತೋರಿಸಿ.

ವರ್ತೂರು ಫ್ಲ್ಯಾಟ್

ಫ್ಲ್ಯಾಟಿನವರಿಗೂ ಒಂದು ಮಾತು. ಕಾರ್ ಪಾರ್ಕಿಂಗ್ ಜಾಗಕ್ಕೆ ನಮೂನೆಯಲ್ಲಿ ಬೇರೆ ಸಾಲು ಇದೆ. ಬಿಲ್ಡರ್ ಮೊದಲ ವರ್ಷ ತುಂಬಿದ್ದನ್ನೇ ನಾವು ಮುಂದುವರಿಸಿಕೊಂಡು ಬಂದಿರುತ್ತೇವೆ. ನಾನು ಈ ಚರ್ಚೆ ಓದಿ ನಿನ್ನೆ ರಸೀದಿ ತೆಗೆದು ನೋಡಿದೆ. ನನ್ನದರಲ್ಲಿ 'ಬಾಡಿಗೆ' ಅಂತ ಇದೆ. ನಾನು ಇಲ್ಲೇ ವಾಸ ಇರುವುದು, ಒಂಬತ್ತು ವರ್ಷದಿಂದ. ಅಂದರೆ ಇಷ್ಟು ವರ್ಷ ಎರಡರಷ್ಟು ಕಟ್ಟಿದ್ದೇನೆ. ನಾಳೆಯೇ ನಮೂನೆ 5ಕ್ಕೆ ಓಡಾಟ ಶುರು.

ಬಸವನಗುಡಿ ಹಳೇ ಮನೆ

ಅಯ್ಯೋ. ಕರೆಂಟ್ ಬಿಲ್, ಗ್ಯಾಸ್ ಬಿಲ್ ನಿಮ್ಮ ಹೆಸರಲ್ಲೇ ಇದ್ದರೆ ಎಲ್ಲ ತಗೊಂಡು ಹೋಗಿ. ಜಾಸ್ತಿ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿ ಅಂತ ಬರವಣಿಗೆಯಲ್ಲೇ ಕೇಳಿ.

ನಾಗರಭಾವಿ ಮಗಳು

ಹತ್ತು ದಿನ ಆಯಿತು, ಏನಾಯಿತು ಅಂತ ತಿಳಿಸಬೇಕು ಅನ್ನಿಸಿತು.

ವಿಜಯನಗರದ ಸರ್ ಹೇಳಿದಂತೆ ಅಳೆದೆವು. ಮೇಲಿನ ಮನೆಯ ಹುಡುಗ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ. ಗೋಡೆಯೂ ಸೇರಿ 792 ಚದರಡಿ. ನೋಟಿಸಿನಲ್ಲಿ 1,050 ಅಂತ ಇದೆ. ಮುಂದಿನ ಖಾಲಿ ತಾರಸಿಯನ್ನೂ ಮನೆ ಅಂತಲೇ ಸೇರಿಸಿದ್ದಾರೆ. ವರ್ಷವೂ ತಪ್ಪು, 2012ರಿಂದ ಹಾಕಿದ್ದಾರೆ. ಮೇಲಿನ ಮೀಟರಿನ ಮೊದಲ ಬಿಲ್ ಅಪ್ಪನ ಫೈಲಿನಲ್ಲೇ ಸಿಕ್ಕಿತು, 2014ರ ಆಗಸ್ಟ್. ಅಪ್ಪ ಒಂದು ಚೀಟಿಯನ್ನೂ ಬಿಸಾಡುತ್ತಿರಲಿಲ್ಲ.

ಮೇಷ್ಟ್ರ ಲೆಕ್ಕದ ರೀತಿಯಲ್ಲೇ ವರ್ಷ ವರ್ಷದ್ದೂ ಒಂದು ಹಾಳೆ ಮಾಡಿದೆ. ಕಟ್ಟಡದ ವಯಸ್ಸಿನ ಕಡಿತವನ್ನೂ ಹಾಕಿದೆ, ನೋಟಿಸಿನಲ್ಲಿ ಅದು ಇರಲಿಲ್ಲ. ಫೋಟೋ, ಬಿಲ್, ಅಳತೆಯ ನಕ್ಷೆ ಸೇರಿಸಿ ಉತ್ತರ ಕೊಟ್ಟೆವು. ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಸ್ಥಳ ಪರಿಶೀಲನೆಗೆ ಬರುತ್ತೇವೆ ಅಂದಿದ್ದಾರೆ. ನಮ್ಮ ಲೆಕ್ಕ ಒಪ್ಪಿದರೆ ಬಾಕಿ ಅರವತ್ತು ಸಾವಿರದ ಒಳಗೆ ಬರುತ್ತದೆ. ಅದನ್ನು ಕಟ್ಟುತ್ತೇವೆ. ಅಮ್ಮ ಎಫ್‌ಡಿ ಮುರಿಸುವುದು ಬೇಡ ಅಂತ ನಾನು ಮತ್ತು ತಮ್ಮ ಅರ್ಧ ಅರ್ಧ ಹಾಕುತ್ತಿದ್ದೇವೆ. ಈ ವರ್ಷದ್ದನ್ನು ನಮೂನೆ 5ರಲ್ಲಿ, ಮೇಲಿನದನ್ನು ಬಾಡಿಗೆ ಅಂತಲೇ ತೋರಿಸಿ ತುಂಬಿದ್ದೇವೆ.

ಪರಿಶೀಲನೆಗೆ ಸೋಮವಾರ ಬರುತ್ತಾರಂತೆ. ತಾರಸಿಯ ಮೇಲೆ ಬಟ್ಟೆ ಒಣಗಲು ಹಾಕಿರುವ ಶೀಟನ್ನು ತೆಗೆಸಬೇಕಾ ಅಂತ ಅಮ್ಮ ಕೇಳುತ್ತಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕಾಮಾಕ್ಷಿಪಾಳ್ಯ ಅಣ್ಣ

ತೆಗೆಸಬೇಡಿ ತಂಗಿ. ಇರುವುದನ್ನು ಇರುವ ಹಾಗೇ ತೋರಿಸಿ. ಗೋಡೆ ಇಲ್ಲ, ಬರೀ ಕಂಬದ ಮೇಲಿನ ಶೀಟು ಅಂತ ಗೊತ್ತಾಗುವ ಹಾಗೆ ನಾಲ್ಕೂ ಕಡೆಯಿಂದ ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಸೋಮವಾರ ನಾನು ಆ ಕಡೆಯೇ ಕೆಲಸಕ್ಕೆ ಬರುತ್ತೇನೆ. ಜೊತೆಗೆ ಒಬ್ಬರು ಇರಲಿ ಅನ್ನಿಸಿದರೆ ಇಲ್ಲೇ ಒಂದು ಮಾತು ಹಾಕಿ, ಬರುತ್ತೇನೆ.